ನಗಿಸಿದ ಮಾತೇ ಅಳಿಸ್ಬೇಕು: ಅಡ್ವೆಂಚರ್ ಸ್ಕ್ರಿಪ್ಟ್‌ನಲ್ಲಿ ಕಾಮಿಡಿ, ದುಃಖ ಬೆರೆಸೋದು ಹೇಗೆ

ನಮ್ ಹಾಸನದ ಕಡೆ ಸಣ್ಣ ಬಜೆಟ್ಟಲ್ಲಿ ಸಿನಿಮಾ ಮಾಡಕ್ಕೆ ಹೊರಟ ಹುಡುಗ್ರು ಸ್ಕ್ರಿಪ್ಟ್ ತೋರಿಸ್ದಾಗ ಸುಮಾರು ಸಲ ಒಂದೇ ತೊಂದ್ರೆ ಕಾಣುತ್ತೆ, ಮೂರು ಸೀನ್ ಕಾಮಿಡಿ, ಆಮೇಲೊಂದು ಸಾವು, ತಿರ್ಗಾ ಕಾಮಿಡಿ. ಎರಡು ಬೇರೆ ಸಿನಿಮಾ ತಂದು ಅಂಟಿಸ್ದಂಗಿರುತ್ತೆ. ನಗು ಎಲ್ಲಿಂದ ಬಂತೋ ಅಳುನೂ ಅಲ್ಲಿಂದ್ಲೇ ಬರ್ಬೇಕು ಕಣ್ರೀ.

ಒಂದು ಕಥೆ ಇಟ್ಕೊಂಡೇ ಹೇಳ್ತೀನಿ. ಶೆಟ್ಟಿಹಳ್ಳಿ ಚರ್ಚ್ ನೋಡಿರ್ತೀರಲ್ಲ, 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಗೊರೂರು ಡ್ಯಾಂ ಆದ್ಮೇಲೆ ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಲ್ಲಿ ಮುಳುಗುತ್ತೆ, ಬೇಸಿಗೇಲಿ ಮೇಲೆ ಬರುತ್ತೆ. ಅದೇ ನೀರಲ್ಲಿ ಊರುಗಳೂ ಹೋಗಿವೆ. ಅಂಥ ಊರಿನ ಒಬ್ರು ಅಜ್ಜಿ, ಈ ಸಲ ನೀರು ಇಳಿದಿದೆ, ನಮ್ ಮನೆ ಒರಳುಕಲ್ಲು ತರ್ಲೇಬೇಕು ಅಂತ ಹಠ ಹಿಡೀತಾರೆ ಅಂದ್ಕೊಳ್ಳಿ. ಮೊಮ್ಮಗ, ಅವನ ಇಬ್ರು ಫ್ರೆಂಡ್ಸು, ಒಂದು ಗೂಡ್ಸ್ ಆಟೋ, ಸೋರೋ ತೆಪ್ಪ. ಅಡ್ವೆಂಚರ್‌ಗೆ ಇಷ್ಟು ಸಾಕು.

ಈಗ ಅಜ್ಜಿಗೊಂದು ಚಾಳಿ ಕೊಡಿ. ಯಾರೇ ಎಲ್ಲೇ ಹತ್ತಲಿ ಇಳೀಲಿ, "ಕಾಲ್ ತೊಳ್ಕಂಡ್ ಒಳಗ್ ಬನ್ರೋ" ಅಂತಾರೆ. ಮೊದ್ಲು ಮನೇಲಿ, ಆಮೇಲೆ ಆಟೋ ಹತ್ತುವಾಗ, ಆಮೇಲೆ ನಡು ನೀರಲ್ಲಿ ತೆಪ್ಪ ಹತ್ತುವಾಗ. ಜನ ಮೂರನೇ ಸಲಕ್ಕೆ ಜೋರಾಗಿ ನಗ್ತಾರೆ. ಕೊನೆಗೆ ಕೆಸರಲ್ಲಿ ಹುಡುಕಿ ಹುಡುಕಿ ಆ ಮನೆ ಸಿಗುತ್ತೆ, ಗೋಡೆ ಇಲ್ಲ ಬಾಗ್ಲಿಲ್ಲ, ಹೊಸ್ತಿಲು ಕಲ್ಲೊಂದೇ. ಇಲ್ಲಿ ಅಜ್ಜಿ ಏನೂ ಹೇಳ್ಬಾರ್ದು. ಅಷ್ಟೊತ್ತೂ ಅವ್ರನ್ನ ಅಣಕಿಸ್ತಿದ್ದ ಹುಡುಗ ಚಪ್ಪಲಿ ಬಿಟ್ಟು, ಬಾಟ್ಲಿ ನೀರಲ್ಲಿ ಕಾಲ್ ತೊಳ್ಕೊಂಡು ಹೊಸ್ತಿಲು ದಾಟ್ಬೇಕು. ಮ್ಯೂಸಿಕ್ ಬೇಡ, ಕ್ಲೋಸಪ್ಪೂ ಬೇಡ, ದೂರದಿಂದ ಒಂದೇ ಶಾಟ್, ನಿಮ್ಗೆ ಉದ್ದ ಆಯ್ತು ಅನ್ಸೋವರೆಗೂ ಕಟ್ ಮಾಡ್ಬೇಡಿ.

ಕೊಪ್ಪ, ಶೃಂಗೇರಿ ಕಡೆ ಯಕ್ಷಗಾನ ನೋಡಿ ಬೆಳೆದೋರಿಗೆ ಇದು ಹೊಸದಲ್ಲ, ಅಲ್ಲಿ ಹಾಸ್ಯಗಾರನೇ ದೂತನ ವೇಷದಲ್ಲಿ ಬರ್ತಾನೆ, ಅಷ್ಟೊತ್ತು ನಗಿಸ್ದೋನ ಬಾಯಿಂದ ಕೆಟ್ಟ ಸುದ್ದಿ ಬಂದ್ರೆ ಎದೆಗೆ ಬೇರೇನೇ ತರ ತಾಗುತ್ತೆ.

ದುಃಖದ ಸೀನ್ ಆದ ತಕ್ಷಣ ಜನ ಬೇಜಾರಾದ್ರೇನೋ ಅಂತ ಹೆದ್ರಿ ಜೋಕ್ ತುರುಕ್ಬೇಡಿ. ನಗು ವಾಪಸ್ ಬರ್ಬೇಕು ನಿಜ, ಆದ್ರೆ ಅದನ್ನ ತರೋ ಹಕ್ಕು ಇರೋದು ಕಳ್ಕೊಂಡೋರಿಗೆ ಮಾತ್ರ. ಸ್ವಲ್ಪ ಹೊತ್ತಾದ್ಮೇಲೆ ಅಜ್ಜಿನೇ "ಹಿಮ್ಮಡಿ ತೊಳ್ಕಂಡಿಲ್ವಲ್ಲೋ" ಅಂದ್ರೆ ಹಾಲ್‌ನಲ್ಲಿ ಕಣ್ಣೀರಲ್ಲೇ ನಗ್ತಾರೆ.

ಇನ್ನೊಂದು, ಅಪಾಯ ನಿಜವಾಗಿರ್ಲಿ. ಫಸ್ಟ್ ಹಾಫಲ್ಲಿ ಬಿದ್ರೂ ಎದ್ರೂ ಯಾರಿಗೂ ಏನೂ ಆಗ್ದಿದ್ರೆ ಸೆಕೆಂಡ್ ಹಾಫಲ್ಲಿ ಆಗೋದನ್ನ ಯಾರೂ ನಂಬಲ್ಲ. ತೆಪ್ಪದ ಜೋಕಲ್ಲೇ ಒಬ್ಬನ ಕೈ ಕುಯ್ದುಹೋಗ್ಲಿ, ಆ ಬ್ಯಾಂಡೇಜು ಕ್ಲೈಮ್ಯಾಕ್ಸ್‌ವರೆಗೂ ಇರ್ಲಿ, ಒರಳುಕಲ್ಲು ಎತ್ತುವಾಗ ಅದೇ ಕೈ ಅಡ್ಡ ಬರ್ಲಿ.

ಯಾವ್ದರ ಮೇಲೆ ನಗ್ಬಾರ್ದು ಅನ್ನೋದೂ ಮುಖ್ಯ. ಅಜ್ಜಿಯ ಹಠದ ಮೇಲೆ ನಗಿ, ಊರು ಹೋಗಿದ್ರ ಮೇಲಲ್ಲ. ಶೂಟಿಂಗಿಗೆ ಮುಂಚೆ ಮುಳುಗಡೆ ಆಗಿ ಎದ್ದು ಬಂದ ಮನೆಯವ್ರ ಜಗಲಿ ಮೇಲೆ ಕೂತು ಪೂರ್ತಿ ಸ್ಕ್ರಿಪ್ಟ್ ಓದಿ ಹೇಳಿ. ಕಾಮಿಡಿ ಬರೋ ಜಾಗದಲ್ಲಿ ಅವ್ರು ಸುಮ್ನಾಗ್ಬಿಟ್ರೆ ಪೆನ್ಸಿಲಲ್ಲಿ ಗುರುತು ಹಾಕ್ಕೊಂಡು, ಮನೆಗೆ ಬಂದು ಆ ಡೈಲಾಗ್ ಹೊಡೆದುಹಾಕಿ.