ಹಳೆಯ ಕಾಲುವೆಗಳಿಗಾಗಿ ದಡದ ಮೇಲೆ ನಡೆಸಿದ ಸಭೆಗಳು

ವಿಜಯನಗರದ ಅರಸರ ಕಾಲದ ಕಾಲುವೆಗಳ ದುರಸ್ತಿ ಮತ್ತು ಸಂರಕ್ಷಣೆಯ ಬಗ್ಗೆ ಜನರ ಅಭಿಪ್ರಾಯ ಕೇಳಲು ಹೊರಡುವವರು ಮೊದಲು ವಿಚಾರಿಸಬೇಕಾದದ್ದು ಕಾಲುವೆಗೆ ನೀರು ನಿಲ್ಲಿಸುವ ದಿನಾಂಕವನ್ನು. ತುಂಗಭದ್ರೆಯ ಎರಡೂ ಬದಿಯ ಈ ಕಾಲುವೆಗಳಲ್ಲಿ ವರ್ಷದ ಬಹುಪಾಲು ನೀರು ಹರಿಯುತ್ತಿರುತ್ತದೆ. ಬೇಸಿಗೆಯಲ್ಲಿ ಸ್ವಲ್ಪ ಕಾಲ ನಿಲ್ಲಿಸಿದಾಗ ಮಾತ್ರ ತಳದ ಕಲ್ಲು ಕಣ್ಣಿಗೆ ಬೀಳುತ್ತದೆ. ಹಂಪಿಯ ಸುತ್ತಲಿನ ಊರುಗಳಲ್ಲಿ ಇಂಥ ಸಭೆಗಳನ್ನು ನಡೆಸುತ್ತ ಬಂದಿರುವ ನಾನು ಮೊದಲ ಸಭೆಯನ್ನು ಆ ದಿನಗಳಲ್ಲಿಯೇ ಇಟ್ಟುಕೊಳ್ಳುತ್ತೇನೆ. ಸಮುದಾಯ ಭವನಕ್ಕೆ ಯಾರನ್ನೂ ಕರೆಯುವುದಿಲ್ಲ. ಎಲ್ಲರೂ ಕಾಲುವೆಯೊಳಗೇ ಇಳಿಯುತ್ತೇವೆ.

ಭವನದಲ್ಲಿ ಗೋಡೆಗೆ ನಕ್ಷೆ ತೂಗುಹಾಕಿ ಕುಳಿತರೆ ಮಾತೆಲ್ಲ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಕಾಲುವೆಗೆ ಕಾಂಕ್ರೀಟ್ ಹೊದಿಕೆ ಬೇಕೋ, ಬೇಡವೋ? ರೈತರು ಬೇಕು ಎನ್ನುತ್ತಾರೆ, ಪುರಾತತ್ತ್ವದವರು ಬೇಡ ಎನ್ನುತ್ತಾರೆ, ಸಭೆ ಅಲ್ಲಿಗೇ ಮುಗಿಯುತ್ತದೆ. ಒಣಗಿದ ಕಾಲುವೆಯಲ್ಲಿ ನಡೆಯುತ್ತಿದ್ದರೆ ಅದೇ ಪ್ರಶ್ನೆ ಚೂರುಚೂರಾಗುತ್ತದೆ. ಈ ತಿರುವಿನಲ್ಲಿ ಏನು ಮಾಡೋಣ, ಈ ತೂಬಿಗೆ ಏನಾಗಿದೆ, ಇಲ್ಲಿ ದಡ ಕುಸಿದದ್ದು ಏಕೆ? ಇವಕ್ಕೆಲ್ಲ ಉತ್ತರವಿದೆ, ಮತ್ತು ಆ ಉತ್ತರದಲ್ಲಿ ಎರಡೂ ಪಕ್ಷದವರು ಒಪ್ಪುವ ಭಾಗ ನಿರೀಕ್ಷೆಗಿಂತ ಹೆಚ್ಚಿರುತ್ತದೆ.

ಈ ಕಾಲುವೆಗಳ ಮೇಲೆ ನನಗಿರುವ ಅಭಿಮಾನವನ್ನು ನಾನು ಮುಚ್ಚಿಡುವುದಿಲ್ಲ. ನದಿಯ ನಡುವಿನ ಹೆಬ್ಬಂಡೆಗಳನ್ನೇ ಆಸರೆಯಾಗಿ ಹಿಡಿದು, ಬಂಡೆಯಿಂದ ಬಂಡೆಗೆ ಕಲ್ಲು ಪೇರಿಸಿ ಅಣೆ ಕಟ್ಟಿದರು. ಅಲ್ಲಿಂದ ತಿರುಗಿಸಿದ ನೀರನ್ನು ಗುಡ್ಡಗಳ ಮಗ್ಗುಲಲ್ಲಿ ನವಿರಾದ ಇಳಿಜಾರಿನಲ್ಲಿ ಒಯ್ದರು. ತುರ್ತಾ ಕಾಲುವೆ ಇಂದಿಗೂ ಹಂಪಿಯ ಗುಡಿಗಳಿಗೂ ಅರಮನೆಯ ಆವರಣಕ್ಕೂ ನಡುವಿನ ಕಣಿವೆಯಲ್ಲಿ ಹರಿದು ಬಾಳೆ, ಭತ್ತ, ತೆಂಗುಗಳಿಗೆ ನೀರುಣಿಸುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದಾಗ ಹಳೆಯ ಅಣೆಗಳಲ್ಲಿ ಕೆಲವು ಮುಳುಗಿದವು. ರಾಯ ಮತ್ತು ಬಸವಣ್ಣ ಕಾಲುವೆಗಳು ಈಗ ಜಲಾಶಯದಿಂದಲೇ ನೀರು ಪಡೆಯುತ್ತವೆ. ಆ ಕಾಲದ ಕಟ್ಟಡಗಳಲ್ಲಿ ಕಟ್ಟಿದ ಉದ್ದೇಶಕ್ಕೇ ಇಂದೂ ದುಡಿಯುತ್ತಿರುವಂಥವು ವಿರೂಪಾಕ್ಷನ ಗುಡಿಯನ್ನು ಬಿಟ್ಟರೆ ಮುಖ್ಯವಾಗಿ ಈ ಕಾಲುವೆಗಳೇ ಎಂಬುದು ನನ್ನ ಎಣಿಕೆ.

ಆದರೆ ಪರಂಪರೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಇಲ್ಲಿನ ಜನ ಹಿಂಜರಿಯುತ್ತಾರೆ. ಅದಕ್ಕೆ ಕಾರಣವಿದೆ. ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿದ್ದು 1986ರಲ್ಲಿ. ಆನೆಗುಂದಿಗೆ ಹೋಗುವ ಸೇತುವೆಯ ಕಾಮಗಾರಿಯ ವಿವಾದದ ನಡುವೆ 1999ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿ, 2006ರವರೆಗೆ ಅಲ್ಲಿಯೇ ಉಳಿಯಿತು. ಆ ವರ್ಷಗಳನ್ನು ಕಂಡವರಿಗೆ ಪರಂಪರೆ ಎಂದರೆ ತಡೆ ಎಂದೇ ಅರ್ಥ. ಆದ್ದರಿಂದ ನಾನು ಕಾನೂನನ್ನು ಮೊದಲೇ ನೆಲದ ಮೇಲೆ ಬಿಡಿಸಿ ತೋರಿಸುತ್ತೇನೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿರ್ಮಾಣ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಈ ಗಡಿ ಕಾಲುವೆಯನ್ನು ದಾಟುವ ಜಾಗದಲ್ಲಿ ದಡದ ಮೇಲೆ ಸುಣ್ಣದ ಗೆರೆ ಎಳೆಸುತ್ತೇನೆ. ದುರಸ್ತಿಗೆ ಅನುಮತಿ ಕೇಳಲು ಅವಕಾಶವಿದೆ ಎಂಬುದು ಆ ಗೆರೆಯ ಪಕ್ಕದಲ್ಲಿ ನಿಂತಾಗಲೇ ಅನೇಕರಿಗೆ ತಿಳಿಯುತ್ತದೆ.

ನಡಿಗೆಯನ್ನು ಕಾಲುವೆಯ ಕೊನೆಯಿಂದ ಶುರು ಮಾಡುತ್ತೇನೆ. ತಲೆಭಾಗದವರು ಮೊದಲು ಮಾತಾಡಿದರೆ ಕೊನೆಭಾಗದವರು ಕೇಳಿಸಿಕೊಂಡು ಸುಮ್ಮನಾಗುತ್ತಾರೆ, ಅಷ್ಟೇ. ಜೊತೆಗೆ ನೀರುಗಂಟಿ ಇರಲೇಬೇಕು. ಯಾವ ತೂಬನ್ನು ಎಷ್ಟು ಎತ್ತಿದರೆ ಯಾರ ಗದ್ದೆಗೆ ಎಷ್ಟು ಹೊತ್ತಿಗೆ ನೀರು ತಲುಪುತ್ತದೆ ಎಂಬುದು ಅವರ ತಲೆಯಲ್ಲಿದೆ, ಯಾವ ಕಡತದಲ್ಲಿಯೂ ಇಲ್ಲ.

ಒಮ್ಮೆ ಹೀಗೆ ನಡೆಯುತ್ತಿದ್ದಾಗ, ಗಾರೆಯಿಲ್ಲದೆ ಪೇರಿಸಿದ ದಡದ ಗೋಡೆಯೊಂದರ ಮುಂದೆ ಹಿರಿಯ ನೀರುಗಂಟಿಯೊಬ್ಬರು ಕುಕ್ಕರುಗಾಲಿನಲ್ಲಿ ಕುಳಿತು, ಎರಡು ಕಲ್ಲುಗಳ ಸಂದಿಗೆ ಕಡ್ಡಿ ತೂರಿಸಿದರು. ಕಡ್ಡಿ ಹೊರಬಂದಾಗ ತುದಿ ಒದ್ದೆಯಾಗಿತ್ತು. ಕಾಲುವೆ ನಿಂತು ಹಲವು ದಿನಗಳಾಗಿದ್ದವು. "ನೋಡಿ ಸಾಹೇಬರೇ, ಹಿಂದಿನ ಮಣ್ಣಿನಲ್ಲಿ ನೀರು ಇನ್ನೂ ಇದೆ, ಸಂದಿಯಿಂದ ಮೆಲ್ಲಗೆ ಇಳಿಯುತ್ತಿದೆ. ಇದಕ್ಕೆ ದಾರಿ ಮುಚ್ಚಿದರೆ ಗೋಡೆಯನ್ನೇ ತಳ್ಳುತ್ತದೆ" ಎಂದರು. ಎಂಜಿನಿಯರುಗಳಿಗೂ ಇದು ಗೊತ್ತಿರುವ ಸಂಗತಿಯೇ. ಕಾಂಕ್ರೀಟ್ ಹೊದಿಸಿದ ಕಾಲುವೆಯನ್ನು ಬೇಗನೆ ಖಾಲಿ ಮಾಡಿದರೆ ಹಿಂದಿನ ನೀರಿನ ಒತ್ತಡಕ್ಕೆ ಚಪ್ಪಡಿಗಳು ಉಬ್ಬುತ್ತವೆ, ಬಿರಿಯುತ್ತವೆ; ಅದಕ್ಕಾಗಿಯೇ ಹೊದಿಕೆಯಲ್ಲಿ ಬಸಿಯುವ ರಂಧ್ರಗಳನ್ನು ಬಿಡಬೇಕಾಗುತ್ತದೆ. ಅಂದು ಜೊತೆಗಿದ್ದ ಎಂಜಿನಿಯರ್ ಆ ಕಡ್ಡಿಯನ್ನು ಕೈಗೆ ತೆಗೆದುಕೊಂಡು ನೋಡಿದರು. ಆ ಭಾಗಕ್ಕೆ ಕಲ್ಲನ್ನೇ ಮರಳಿ ಜೋಡಿಸಿ ಹಿಂಬದಿಗೆ ಜಿಗಟು ಮಣ್ಣು ತುಂಬಬೇಕೆಂಬ ಪ್ರಸ್ತಾವ ಹುಟ್ಟಿದ್ದು ಅಲ್ಲಿಯೇ.

ಸೋರಿಕೆಯ ಲೆಕ್ಕವೂ ಒಂದೇ ದಿಕ್ಕಿನದಲ್ಲ. ಕೊನೆಭಾಗದವರಿಗೆ ಅದು ಶುದ್ಧ ನಷ್ಟ. ದಡದ ಕೆಳಗಿನ ಬಾವಿಯವರಿಗೆ ಅದೇ ಜೀವಾಳ. ಇಬ್ಬರನ್ನೂ ಒಂದೇ ಜಾಗದಲ್ಲಿ ನಿಲ್ಲಿಸಿ ಮಾತಾಡಿಸಿದಾಗ ಕೂಗಾಟ ಆಗದೆ ಇರುವುದಿಲ್ಲ. ಆಗಲಿ ಬಿಡಿ. ಆ ಕೂಗಾಟದಲ್ಲಿಯೇ ಹೂಳು, ಮುರಿದ ತೂಬು, ದಡ ಒಡೆದು ಕದ್ದು ಎಳೆದ ಪೈಪುಗಳ ಸುದ್ದಿ ಹೊರಬರುತ್ತದೆ. ಕೊನೆಗೆ ನೀರು ತಲುಪದಿರಲು ಹಳೆಯ ಕಲ್ಲಿಗಿಂತ ಇವೇ ದೊಡ್ಡ ಕಾರಣ ಎಂದು ಹಲವು ಕಡೆ ಊರವರೇ ಒಪ್ಪಿದ್ದಾರೆ.

ನೀರು ಬಳಕೆದಾರರ ಸಂಘದ ಸದಸ್ಯತ್ವ ಇರುವುದು ಜಮೀನಿದ್ದವರಿಗೆ. ಗುತ್ತಿಗೆಗೆ ಬಾಳೆ ಹಾಕಿದವರು, ದನ ಮೇಯಿಸುವವರು, ಬಟ್ಟೆ ಒಗೆಯಲು ಬರುವ ಹೆಂಗಸರು ಪಟ್ಟಿಯಲ್ಲಿ ಇರುವುದೇ ಇಲ್ಲ. ಅವರನ್ನು ಹುಡುಕಿಕೊಂಡು ಅವರ ಹೊತ್ತಿಗೆ ಹೋಗಬೇಕು. ಬೆಳಿಗ್ಗೆ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಅಮ್ಮನೊಬ್ಬರು ಕೇಳಿದ ಪ್ರಶ್ನೆ ಯಾವ ಯೋಜನಾ ವರದಿಯಲ್ಲಿಯೂ ನನಗೆ ಸಿಕ್ಕಿರಲಿಲ್ಲ: "ಗೋಡೆ ನುಣ್ಣಗೆ ಮಾಡಿದರೆ ಬಿದ್ದ ಎಮ್ಮೆ ಮೇಲೆ ಹತ್ತುವುದು ಹೇಗಪ್ಪಾ?" ಆಮೇಲಿನ ದುರಸ್ತಿ ಪಟ್ಟಿಗಳಲ್ಲಿ ಹಳೆಯ ಮೆಟ್ಟಿಲು, ದನ ಇಳಿಯುವ ದಾರಿ ಎಲ್ಲವನ್ನೂ ಒಂದೊಂದಾಗಿ ಗುರುತಿಸಿದೆವು.

ಎಲ್ಲಕ್ಕಿಂತ ದೊಡ್ಡ ಜಗಳ ಮಾತ್ರ ಕೆಲಸದ ಅವಧಿಯದು. ಬಾಳೆ, ಕಬ್ಬು ವರ್ಷವಿಡೀ ನೆಲದಲ್ಲಿರುವ ಬೆಳೆಗಳು. ನಿಗದಿಗಿಂತ ಹೆಚ್ಚು ದಿನ ನೀರು ನಿಂತರೆ ತೋಟ ಒಣಗುತ್ತದೆ. ಸಂರಕ್ಷಣೆಗೆ ವಿರೋಧ ಎಂದು ಬರೆದುಕೊಂಡ ಆಕ್ಷೇಪಗಳಲ್ಲಿ ಬಹಳಷ್ಟು ಇದೇ ಭಯ. ಕೆಲಸವನ್ನು ತುಂಡು ಮಾಡಿ ಹಲವು ಬೇಸಿಗೆಗಳಿಗೆ ಹಂಚುವುದು, ಜಾಗವಿದ್ದಲ್ಲಿ ಪಕ್ಕದಲ್ಲಿ ತಾತ್ಕಾಲಿಕ ಕಾಲುವೆ ತೆಗೆಯುವುದು ಎಂಬ ಎರಡು ದಾರಿಗಳನ್ನು ಮೊದಲೇ ಮುಂದಿಟ್ಟರೆ ಮಾತಿನ ಧಾಟಿಯೇ ಬದಲಾಗುತ್ತದೆ.

ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದು, ಅಲ್ಲಿಯೇ ಗಟ್ಟಿಯಾಗಿ ಓದಿ, ತಪ್ಪಿದ್ದರೆ ತಿದ್ದಿ, ಸಹಿ ಪಡೆಯುತ್ತೇವೆ. ಪ್ರತಿ ಬೇಡಿಕೆಯ ಎದುರು ಉತ್ತರ ಬರೆದು ಅದೇ ಊರಿಗೆ ಮತ್ತೆ ಹೋಗಿ ಓದುತ್ತೇವೆ. ಆಗದು ಎಂಬ ಉತ್ತರಕ್ಕೆ ಕಾರಣವನ್ನೂ ಬರೆದಿರುತ್ತೇವೆ. ಕೊನೆಭಾಗದ ರೈತರ ಒಂದು ಬೇಡಿಕೆಗೆ ಉತ್ತರ ಇನ್ನೂ ಬಾಕಿಯಿದೆ: ಸರದಿಯ ದಿನ ತಮ್ಮ ಪಾಲಿನ ನೀರು ಬಂತೋ ಇಲ್ಲವೋ ತಾವೇ ನೋಡಿ ಹೇಳುವಂತೆ ತೂಬಿನ ಬಳಿ ಗುರುತು ಕೊರೆದ ಅಳತೆಗಲ್ಲೊಂದನ್ನು ನೆಡಬೇಕು.