ಆ್ಯನ್ ಬಾಯಿಗೆ ಕನ್ನಡ: ‘ಗ್ರೀನ್ ಗೇಬಲ್ಸ್’ ಅನುವಾದಿಸಿದ ಅನುಭವ

ಲೂಸಿ ಮಾಡ್ ಮಾಂಟ್ಗೊಮೆರಿಯ ‘ಆ್ಯನ್ ಆಫ್ ಗ್ರೀನ್ ಗೇಬಲ್ಸ್’ 1908ರಲ್ಲಿ ಬಾಸ್ಟನ್ನಿನ ಎಲ್. ಸಿ. ಪೇಜ್ ಕಂಪನಿಯಿಂದ ಹೊರಬಂತು. 38 ಅಧ್ಯಾಯ, ಸುಮಾರು ಒಂದು ಲಕ್ಷ ಪದ. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಆವನ್‌ಲಿ ಎಂಬ ಹಳ್ಳಿ. ಲೇಖಕಿ ಬೆಳೆದ ಕ್ಯಾವೆಂಡಿಶ್ ಊರೇ ಇದಕ್ಕೆ ಮಾದರಿ. ಅಲ್ಲಿ ‘ಗ್ರೀನ್ ಗೇಬಲ್ಸ್’ ಎಂಬ ಮನೆಯಲ್ಲಿ ಮದುವೆಯಾಗದೆ ಉಳಿದ ಅಣ್ಣ-ತಂಗಿ ಮ್ಯಾಥ್ಯೂ ಮತ್ತು ಮರಿಲ್ಲಾ, ಹೊಲದ ಕೆಲಸಕ್ಕೆ ಆಸರೆಯಾಗಲಿ ಎಂದು ಅನಾಥಾಲಯದಿಂದ ಗಂಡು ಹುಡುಗನನ್ನು ಕೇಳಿರುತ್ತಾರೆ. ಬಂದಿಳಿಯುವವಳು ಹನ್ನೊಂದರ ಹುಡುಗಿ ಆ್ಯನ್. ಅವಳು ಬಾಯಿ ತೆರೆದ ಮೇಲೆ ಪುಸ್ತಕ ಅವಳದೇ. ಹಾಗಾಗಿ ಇದನ್ನು ಕನ್ನಡಕ್ಕೆ ತರುವುದೆಂದರೆ ಮೊದಲು ಆ ಬಾಯಿಯನ್ನು ತರಬೇಕು. ಕಥೆ ಹಿಂದೆಯೇ ಬರುತ್ತದೆ.

ಹಕ್ಕಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಲೇಖಕಿ ತೀರಿಕೊಂಡದ್ದು 1942ರಲ್ಲಿ. ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಅಲ್ಲಿಗೆ 2003ರ ಜನವರಿಯಿಂದ ಭಾರತದಲ್ಲಿ ಯಾರ ಅನುಮತಿಯೂ ಬೇಕಿಲ್ಲ. ಆದರೆ ಈಚಿನ ಆವೃತ್ತಿಗಳ ಚಿತ್ರ, ಟಿಪ್ಪಣಿ, ಸಂಗ್ರಹ ರೂಪ ಇವುಗಳಿಗೆ ಬೇರೆ ಹಕ್ಕಿರುತ್ತದೆ. 1908ರ ಮೂಲಪಾಠವನ್ನೇ ಇಟ್ಟುಕೊಂಡು ಕೂರುವುದು ಕ್ಷೇಮ. ಮಕ್ಕಳಿಗೆಂದು ಕತ್ತರಿಸಿದ ಪ್ರತಿಯಿಂದ ಅನುವಾದಿಸಿದರೆ ಮೊದಲು ಹೋಗುವುದೇ ಆ್ಯನ್‌ಳ ಮಾತು. ಘಟನೆಗಳು ಉಳಿಯುತ್ತವೆ, ಹುಡುಗಿ ಇರುವುದಿಲ್ಲ.

ಹೆಸರಿನಿಂದಲೇ ತೊಡಕು ಶುರು. ‘ಆನ್’ ಎಂದು ಬರೆದರೆ ಹಳಗನ್ನಡ ಓದಿದವರಿಗೆ ಅದು ‘ನಾನು’; ಹವ್ಯಕರ ಮನೆಯಲ್ಲಿ ‘ಆನು’ ಎಂದರೆ ಇವತ್ತಿಗೂ ಅದೇ. ಒಂದು ಕ್ಷಣ ಇದನ್ನೇ ಉಳಿಸಿಕೊಳ್ಳೋಣವೇ ಅನ್ನಿಸುವಷ್ಟು ಚೆಂದದ ಕಾಕತಾಳೀಯ. ಆದರೆ ‘ಆನ್ ಬಂದಳು’ ಎಂಬಲ್ಲಿ ಕಣ್ಣು ಎಡವುತ್ತದೆ. ‘ಆ್ಯನ್’ ಎಂದೇ ಇಟ್ಟೆ. ಅದಕ್ಕಿಂತ ದೊಡ್ಡ ಪೇಚು, ಅವಳು ತನ್ನ ಹೆಸರಿನ ಕೊನೆಗೆ ‘ಇ’ ಸೇರಿಸಿ ಬರೆಯಬೇಕು ಎಂದು ಹಟ ಹಿಡಿಯುವುದು. ಇಂಗ್ಲಿಷಿನಲ್ಲಿ ಆ ‘ಇ’ಗೆ ಉಚ್ಚಾರವಿಲ್ಲ, ಕಾಣುವುದಕ್ಕಷ್ಟೇ. ಬರೆದದ್ದನ್ನೆಲ್ಲ ಓದುವ ನಮ್ಮ ಲಿಪಿಯಲ್ಲಿ ಆ ಸುಖವೇ ಇಲ್ಲ. ‘ಆ್ಯನ್ನೆ’ ಎಂದು ಬರೆದರೆ ಹೆಸರೇ ಬೇರೆಯಾಗುತ್ತದೆ. ದೀರ್ಘ-ಹ್ರಸ್ವದ ಜಗಳವಾಗಿ ಬದಲಿಸಿದರೆ ಕಿವಿಗೆ ಕೇಳಿಬಿಡುತ್ತದೆ. ಕೇಳದಿರುವುದರಲ್ಲೇ ಇದೆ ತಮಾಷೆ. ಇಂಗ್ಲಿಷ್ ಅಕ್ಷರ ಗೊತ್ತಿಲ್ಲದ ಕನ್ನಡದ ಮಗು ಈಗ ಅಪರೂಪ ಎಂದುಕೊಂಡು, “ಕೊನೆಗೊಂದು ಇ ಹಾಕಿ ಕರೀರಿ” ಎಂದು ನೇರವಾಗಿ ಇಟ್ಟೆ. ‘ಬರೀರಿ’ ಅಲ್ಲ, ‘ಕರೀರಿ’. ಕೇಳದ ಅಕ್ಷರವನ್ನು ಸೇರಿಸಿ ಕರೆಯಲು ಹೇಳುವ ಹುಡುಗಿ ಎಂಬುದು ಆ ಒಂದು ಕ್ರಿಯಾಪದದಲ್ಲೇ ತಿಳಿಯುತ್ತದೆ.

ಗೇಬಲ್ ಎಂದರೆ ಇಳಿಜಾರು ಮಾಡಿನ ಮನೆಯಲ್ಲಿ ಎರಡು ಮಾಡು ಕೂಡುವ ಕೆಳಗೆ ಮೂಡುವ ಮುಕ್ಕೋನದ ಗೋಡೆ. ಹೆಂಚಿನ ಮನೆ ಕಂಡವರಿಗೆಲ್ಲ ಅದು ಗೊತ್ತು, ಆದರೆ ಹೆಸರಾಗಿ ಕರೆಯಲು ಆಗುವಂಥ ಮಾತಲ್ಲ. 1952ರಲ್ಲಿ ಹನಾಕೊ ಮುರಾಓಕಾ ಅವರ ಜಪಾನಿ ಅನುವಾದ ಮನೆಯ ಗೊಡವೆಯನ್ನೇ ಬಿಟ್ಟು ‘ಕೆಂಪು ಕೂದಲಿನ ಆ್ಯನ್’ ಎಂಬರ್ಥದ ಹೆಸರಿನಲ್ಲಿ ಬಂತು. ಅಲ್ಲಿ ಪುಸ್ತಕ ಮನೆಮಾತಾದದ್ದು ಆ ಹೆಸರಿನಿಂದಲೇ. ನಾನು ‘ಗ್ರೀನ್ ಗೇಬಲ್ಸ್’ ಅನ್ನು ಹಾಗೇ ಬಿಟ್ಟೆ. ಮೈಸೂರಿನ ಕುವೆಂಪು ಮನೆ ‘ಉದಯರವಿ’ಯನ್ನು ಯಾರೂ ಇಂಗ್ಲಿಷಿಗೆ ಅನುವಾದಿಸಿ ವಿಳಾಸ ಬರೆಯುವುದಿಲ್ಲವಲ್ಲ. ಮುಕ್ಕೋನದ ಗೋಡೆಯನ್ನು ಆ್ಯನ್‌ಳಿಗೆ ಕೊಟ್ಟ ಮೂಡಣ ಕೋಣೆಯ ವರ್ಣನೆಯಲ್ಲಿ ಒಮ್ಮೆ ತೋರಿಸಿದರೆ ಸಾಕು.

ಇನ್ನು ಆ್ಯನ್ ಗೆಳತಿ ಡಯಾನಾಳ ಮನೆತನ, ಬ್ಯಾರಿ. ದಕ್ಷಿಣ ಕನ್ನಡದವರಿಗೆ ಇದು ನೆರೆಮನೆಯ ಸಮುದಾಯದ ಹೆಸರು. ‘ಬ್ಯಾರಿಯವರ ಮನೆ’, ‘ಬ್ಯಾರಿಗಳ ಕೊಳ’ ಎಂದು ಬರೆದರೆ ಮಂಗಳೂರಿನ ಓದುಗ ಬೇರೆಯೇ ಕಾದಂಬರಿ ಓದುತ್ತಾನೆ. ಹಾಗಾಗಿ ಮನೆತನದ ಹೆಸರು ಬಂದಲ್ಲೆಲ್ಲ ಡಯಾನಾಳ ಹೆಸರನ್ನು ಮುಂದಿಟ್ಟೆ: ಡಯಾನಾಳ ಮನೆ, ಡಯಾನಾಳ ತಾಯಿ.

ಗೌರವದ ಬಹುವಚನದ ಪ್ರಶ್ನೆ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ಕನ್ನಡದಲ್ಲಿ ಅದು ಪ್ರತಿ ವಾಕ್ಯದ ಬಾಲದಲ್ಲಿ ಕೂತಿರುತ್ತದೆ. ಅನುವಾದ ಶುರುಮಾಡುವ ಮುನ್ನವೇ ಯಾರು ಯಾರಿಗೆ ನೀನು, ಯಾರು ಯಾರಿಗೆ ನೀವು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಇಲ್ಲವಾದರೆ ಇಪ್ಪತ್ತನೇ ಅಧ್ಯಾಯದ ಹೊತ್ತಿಗೆ ಮಿಸೆಸ್ ಲಿಂಡ್ ಮರಿಲ್ಲಾಳಿಗೆ ಒಮ್ಮೆ ಹೋಗಿ ಅನ್ನುತ್ತಾಳೆ, ಒಮ್ಮೆ ಹೋಗೇ ಅನ್ನುತ್ತಾಳೆ. ಅವರಿಬ್ಬರಿಗೆ ನಾನು ‘ನೀನು’ ಕೊಟ್ಟೆ, ಎಷ್ಟೋ ವರ್ಷದ ನೆರೆಹೊರೆ. ಅಣ್ಣ-ತಂಗಿಗೂ ‘ನೀನು’. ಆದರೆ ಮ್ಯಾಥ್ಯೂ ಮತ್ತು ಮರಿಲ್ಲಾ ಒಂದೇ ಮನೆಯಲ್ಲಿ ಹೆಸರು ಹಿಡಿದು ಮಾತಾಡಿಕೊಂಡರೆ ನಮ್ಮ ಓದುಗ ಗಂಡ-ಹೆಂಡತಿ ಎಂದುಕೊಳ್ಳುತ್ತಾನೆ. ಮೊದಲ ಅಧ್ಯಾಯದಲ್ಲೇ ಅವಳ ಬಾಯಲ್ಲಿ ಒಂದು ‘ನಮ್ಮಣ್ಣ’ ಬರಿಸಿದೆ. ಮೂಲದಲ್ಲಿ ಇಲ್ಲದ ಪದ ಸೇರಿಸಿದ ಕೆಲವೇ ಜಾಗಗಳಲ್ಲಿ ಅದೊಂದು.

ಎಂಟನೇ ಅಧ್ಯಾಯದಲ್ಲಿ ಆ್ಯನ್ ನಿಮ್ಮನ್ನು ಆಂಟಿ ಅನ್ನಲೇ ಎಂದು ಕೇಳುತ್ತಾಳೆ. ಬೇಡ, ನಾನು ನಿನಗೆ ಆಂಟಿಯಲ್ಲ, ಬರೀ ಮರಿಲ್ಲಾ ಅನ್ನು ಎನ್ನುತ್ತಾಳೆ ಮರಿಲ್ಲಾ. ಬಸ್ ಕಂಡಕ್ಟರನ್ನೂ ಅಣ್ಣ ಅನ್ನುವ ಭಾಷೆಗೆ ಇದನ್ನು ತರುವಾಗ ಎಚ್ಚರ ಬೇಕು. ‘ಅತ್ತೆ’, ‘ಚಿಕ್ಕಮ್ಮ’ ಹಾಕಿ ನುಣ್ಣಗೆ ಮಾಡುವ ಆಸೆಯಾಗುತ್ತದೆ. ಮಾಡಿದರೆ ಕೆಟ್ಟಿತು. ನೆಂಟಸ್ತಿಕೆಯ ಪದವನ್ನು ಕೊಡಲೊಪ್ಪದ ಹೆಂಗಸು ನಿಧಾನವಾಗಿ ಅಮ್ಮನಾಗುವುದೇ ಮುಂದಿನ ಮೂವತ್ತು ಅಧ್ಯಾಯ. ‘ಮರಿಲ್ಲಾ’ ಎಂಬ ಬರೀ ಹೆಸರು, ಜೊತೆಗೆ ‘ನೀವು’ — ಈ ಒರಟು ಜೋಡಿ ಮೊದಲ ಹತ್ತು ಪುಟ ಕಿವಿಗೆ ಚುಚ್ಚುತ್ತದೆ. ಚುಚ್ಚಲಿ.

ಡಯಾನಾಳ ಜೊತೆ ಆಣೆ ಇಟ್ಟು ಗೆಳೆತನ ಕಟ್ಟುವುದು ಹನ್ನೆರಡನೇ ಅಧ್ಯಾಯದಲ್ಲಿ. ಅಲ್ಲಿಯವರೆಗೆ ಆ್ಯನ್‌ಳ ಬಾಯಲ್ಲಿ ‘ಕಣೇ’ ಒಂದೂ ಬಾರದಂತೆ ನೋಡಿಕೊಂಡೆ. ಆಮೇಲೆ ಅದು ಡಯಾನಾಳಿಗೆ ಮಾತ್ರ.

ಈಗ ಆ ಬಾಯಿಯ ವಿಷಯ. ಆ್ಯನ್ ಪುಸ್ತಕದಲ್ಲಿ ಓದಿದ ದೊಡ್ಡ ದೊಡ್ಡ ಪದಗಳನ್ನು ದಿನದ ಮಾತಿನಲ್ಲಿ ಸುರಿಯುತ್ತಾಳೆ. ಬ್ರೈಟ್ ರಿವರ್ ಸ್ಟೇಷನ್ನಿನಿಂದ ಎಂಟು ಮೈಲಿ ಗಾಡಿ ಪ್ರಯಾಣದ ಎರಡನೇ ಅಧ್ಯಾಯವೇ ಇದಕ್ಕೆ ಒರೆಗಲ್ಲು. ಅದೊಂದನ್ನು ಸರಿಮಾಡಿಕೊಳ್ಳದೆ ಮುಂದೆ ಹೋಗಬಾರದು. ನಮ್ಮಲ್ಲಿ ಇದಕ್ಕೆ ಸಾಮಾನು ಬೇಕಾದಷ್ಟಿದೆ: ಮಗುವಿನ ಬಾಯಲ್ಲಿ ಗ್ರಾಂಥಿಕ ಸಂಸ್ಕೃತ, ಕಂಪನಿ ನಾಟಕದ ಸಂಭಾಷಣೆ, ಪತ್ರಿಕೆಯ ಶ್ರದ್ಧಾಂಜಲಿ. ಅವಳು ಹತಾಶೆಯ ಆಳಕ್ಕೆ ಬಿದ್ದಿದ್ದೇನೆ ಅನ್ನುವಲ್ಲಿ “ನಾನೀಗ ಶೋಕಸಾಗರದಲ್ಲಿ ಮುಳುಗಿದ್ದೀನಿ” ಎಂದು ಹಾಕಿದೆ. ಪದ ಸವೆದದ್ದೇ, ಆದರೆ ಸವೆದ ಪದವನ್ನು ಹೊಸದೆಂಬಂತೆ ಮೆರೆಸುವುದು ಹನ್ನೊಂದರ ಮಗುವಿನ ಲಕ್ಷಣ. ಪದ ಗ್ರಾಂಥಿಕ, ವಾಕ್ಯದ ಬಾಲ ಮಾತ್ರ ಆಡುಮಾತು: ‘ಮುಳುಗಿದ್ದೀನಿ’. ಬಾಲವೂ ‘ಮುಳುಗಿದ್ದೇನೆ’ ಆದರೆ ಅವಳು ಮೇಷ್ಟರಾಗಿಬಿಡುತ್ತಾಳೆ. ಹತ್ತನೇ ಅಧ್ಯಾಯದಲ್ಲಿ ಮಿಸೆಸ್ ಲಿಂಡ್ ಎದುರು ಮಂಡಿಯೂರಿ ಕ್ಷಮೆ ಕೇಳುವುದು ಈ ಶೈಲಿಯ ತುತ್ತತುದಿ. ಅವಳು ಆ ಅವಮಾನವನ್ನು ಸವಿಯುತ್ತಿದ್ದಾಳೆ ಎಂಬುದು ಮರಿಲ್ಲಾಳಿಗೆ ಗೊತ್ತಾಗಬೇಕು, ಓದುಗನಿಗೆ ಅದಕ್ಕೂ ಮೊದಲೇ ಗೊತ್ತಾಗಬೇಕು. ಅಲ್ಲಿ ಸಂಕೋಚವಿಲ್ಲದೆ ರಂಗದ ಮೇಲಿನ ಕನ್ನಡ ಬಳಸಿದೆ.

ಅವಳಿಗೆ ತನ್ನಂಥವರೆಂದು ಅನ್ನಿಸುವವರನ್ನು ಕರೆಯಲು ಒಂದು ಮುದ್ದಿನ ಪದವಿದೆ. ನಿಘಂಟು ‘ಸಮಾನಮನಸ್ಕ’ ಅನ್ನುತ್ತದೆ. ‘ಸಮಾನಮನಸ್ಕ ಶಾಸಕರ ಸಭೆ’ ಎಂದು ದಿನಾ ಓದುವ ನಾಡಿನಲ್ಲಿ ಆ ಪದ ಸತ್ತಿದೆ. ‘ಆತ್ಮಬಂಧು’ ಆಯ್ದುಕೊಂಡೆ. ಡಯಾನಾ ಮಾತ್ರ ‘ಜೀವದ ಗೆಳತಿ’. ಎರಡನ್ನೂ ಅದಲುಬದಲು ಮಾಡಬಾರದು, ಆ್ಯನ್ ಆ ವಿಷಯದಲ್ಲಿ ಬಹಳ ಕಟ್ಟುನಿಟ್ಟು.

ಮ್ಯಾಥ್ಯೂ ಮಾತಾಡುವುದೇ ಕಡಿಮೆ, ಒಂದೇ ಪಲ್ಲವಿ. ಅದಕ್ಕೆ “ಹೂಂ… ಅದೇನೋಪ್ಪ” ಎಂದು ಗೊತ್ತುಮಾಡಿ ಕೊನೆಯವರೆಗೂ ಒಂದಕ್ಷರ ಬದಲಿಸಲಿಲ್ಲ. ಮೂವತ್ತೇಳನೇ ಅಧ್ಯಾಯದಲ್ಲಿ ಅವನು ಸತ್ತ ಮೇಲೆ ಓದುಗನಿಗೆ ಕಾಣೆಯಾಗುವುದು ಈ ಪಲ್ಲವಿ. ವೈವಿಧ್ಯಕ್ಕೆಂದು ನಾಲ್ಕು ಬಗೆಯಾಗಿ ಅನುವಾದಿಸಿದ್ದರೆ ಕಾಣೆಯಾಗಲು ಏನೂ ಇರುತ್ತಿರಲಿಲ್ಲ. ಮಿಸೆಸ್ ಲಿಂಡ್‌ಗೆ ವಾಕ್ಯದ ತುದಿಗೊಂದು “ಅಷ್ಟೇ ಮತ್ತೆ!” ಕೊಟ್ಟೆ. ಇವರಿಗೆಲ್ಲ ಮಂಡ್ಯದ್ದೋ ಧಾರವಾಡದ್ದೋ ಭಾಷೆ ಕೊಡುವ ಆಸೆಯನ್ನು ಹತ್ತಿಕ್ಕಬೇಕು. ಕೊಟ್ಟ ಮರುಕ್ಷಣ ಆವನ್‌ಲಿಯ ಸಮುದ್ರ ಬತ್ತಿ ಅಲ್ಲಿ ಕಬ್ಬಿನ ಗದ್ದೆ ಏಳುತ್ತದೆ.

ಕೆಂಪು ಕೂದಲಿಗೆ ನಮ್ಮಲ್ಲಿ ‘ಕೆಂಚು’ ಎಂಬ ಅಚ್ಚ ಪದವಿದೆ. ಆದರೆ ಕೆಂಚು ಎಂದರೆ ಇಲ್ಲಿ ಎಣ್ಣೆ ಕಾಣದ ಕಂದು ಕೂದಲು. ಕೆಂಚಮ್ಮ ಎಂದರೆ ಊರ ದೇವತೆ. ಆ್ಯನ್‌ಳದು ಬೆಂಕಿ ಬಣ್ಣ. ‘ಕೆಂಪು’ ಎಂದೇ ಉಳಿಸಿದೆ. ಒಂಬತ್ತನೇ ಅಧ್ಯಾಯದಲ್ಲಿ ಮಿಸೆಸ್ ಲಿಂಡ್ ಕ್ಯಾರೆಟ್ಟಿನಂಥ ಕೂದಲು ಅನ್ನುತ್ತಾಳೆ, ಹದಿನೈದನೆಯದರಲ್ಲಿ ಸಹಪಾಠಿ ಗಿಲ್ಬರ್ಟ್ ಅದೇ ಪದದಿಂದ ಕೆಣಕಿ ತಲೆಯ ಮೇಲೆ ಸ್ಲೇಟಿನ ಏಟು ತಿನ್ನುತ್ತಾನೆ. ಎರಡೂ ಕಡೆ ಒಂದೇ ಪದವಿದ್ದರೆ ಮಾತ್ರ ಆ ಸಿಟ್ಟಿಗೆ ಹಿನ್ನೆಲೆ ಸಿಗುತ್ತದೆ. ಕ್ಯಾರೆಟ್ಟಿಗಿರುವ ‘ಗಜ್ಜರಿ’ ಎಂಬ ಪದ ಕೂಗಲು ಸೊಗಸು. ಹಳೆ ಮೈಸೂರಿನ ಮಕ್ಕಳಿಗೆ ತಿಳಿಯುವುದಿಲ್ಲ. ಕ್ಯಾರೆಟ್ಟೇ ಗೆದ್ದಿತು.

ಅಂಗಿಯ ಉಬ್ಬಿದ ತೋಳಿಗೆ ‘ಬುಗ್ಗೆ ತೋಳು’ ಇದೆ, ನಿಘಂಟು ನೋಡುವ ಕಷ್ಟವಿಲ್ಲ. ಹದಿನಾರನೇ ಅಧ್ಯಾಯದ ಪಾನೀಯ ಅಷ್ಟು ಸುಲಭವಲ್ಲ. ಆ್ಯನ್ ಕೊಡಲು ಹೊರಟದ್ದು ರಾಸ್ಪ್‌ಬೆರಿ ಕಾರ್ಡಿಯಲ್, ಕೊಟ್ಟದ್ದು ಮನೆಯಲ್ಲೇ ಮಾಡಿದ ಕರಂಟ್ ವೈನ್, ಡಯಾನಾ ಕುಡಿದದ್ದು ಮೂರು ಲೋಟ. ‘ಕಾರ್ಡಿಯಲ್’ ಹಾಗೇ ಬಿಟ್ಟರೆ ಅದೇ ಮದ್ಯದಂತೆ ಕೇಳುತ್ತದೆ, ಎಡವಟ್ಟು ಎಲ್ಲಿ ಆಯಿತೆಂದೇ ಗೊತ್ತಾಗುವುದಿಲ್ಲ. ಅದನ್ನು ‘ಶರಬತ್ತು’ ಮಾಡಬೇಕು. ವೈನನ್ನು ‘ದ್ರಾಕ್ಷಾರಸ’ ಮಾಡಬಾರದು. ಅದು ಹಣ್ಣಿನ ರಸವೂ ಆಗಬಹುದು, ಬೈಬಲ್ಲಿನದೂ ಆಗಬಹುದು. ಕರಂಟ್ ಕೂಡ ಇಲ್ಲಿ ಒಣದ್ರಾಕ್ಷಿಯಲ್ಲ, ಪೊದೆಯಲ್ಲಿ ಬಿಡುವ ಸಣ್ಣ ಹುಳಿ ಹಣ್ಣು. ಕೇಕಿಗೆ ವೆನಿಲಾ ಬದಲು ನೋವಿಗೆ ಹಚ್ಚುವ ಔಷಧಿ ಬೀಳುವಲ್ಲಿ ಏಲಕ್ಕಿ ತರುವ ಜಾಣತನ ಬೇಡ: ಹಳೆಯ ವೆನಿಲಾ ಬಾಟಲಿಗೆ ಮರಿಲ್ಲಾ ಔಷಧಿ ಸುರಿದಿಟ್ಟದ್ದು, ನೆಗಡಿಯಿಂದ ಆ್ಯನ್‌ಗೆ ವಾಸನೆ ಹತ್ತದಿದ್ದದ್ದು, ಇಡೀ ಘಟನೆ ನಿಂತಿರುವುದೇ ಬಾಟಲಿಯ ಮೇಲೆ.

ಋತುಗಳು ಹೆಚ್ಚು ಮೋಸ ಮಾಡುತ್ತವೆ. ಆ್ಯನ್ ಬರುವುದು ಜೂನ್ ಮೊದಲ ವಾರಗಳಲ್ಲಿ. ಹಣ್ಣಿನ ಮರಗಳು ಹೂಬಿಟ್ಟು ಬೆಳ್ಳಗೆ ನಿಂತಿವೆ. ನಮಗೆ ಜೂನ್ ಎಂದರೆ ಕೊಡೆ, ಹೊಸ ನೋಟ್‌ಬುಕ್ಕಿನ ವಾಸನೆ. ‘ಚಳಿ ಬಿಟ್ಟು ಹೂ ಹಿಡಿದ ಜೂನ್’ ಎಂದು ನಾಲ್ಕು ಪದ ಹೆಚ್ಚಿಗೆ ಬರೆದೆ. ಇಪ್ಪತ್ತನೇ ಅಧ್ಯಾಯದ ಮೇಫ್ಲವರ್ ಇನ್ನೂ ಅಪಾಯ. ಇಲ್ಲಿ ಕೆಲವರಿಗೆ ಅದು ಗುಲ್‌ಮೊಹರ್, ಕೆಲವರಿಗೆ ಚೆಂಡಿನಂಥ ಕೆಂಪು ಲಿಲ್ಲಿ. ಅಲ್ಲಿಯದು ಹಿಮ ಕರಗಿದೊಡನೆ ಒಣಗಿದೆಲೆಯಡಿ ನೆಲಕ್ಕಂಟಿ ಬಿಡುವ ಪುಟ್ಟ, ಪರಿಮಳದ, ಬಿಳಿ-ನಸುಗೆಂಪು ಹೂ. ಒಂದು ವಾಕ್ಯದಲ್ಲಿ ಅದನ್ನು ಹೇಳಿಯೇ ಹೆಸರು ಹಾಕಬೇಕು.

ಫ್ರೆಂಚ್ ಕೂಲಿ ಹುಡುಗರ ಬಗ್ಗೆ, ಕೂದಲಿನ ಬಣ್ಣ ಮಾರಿದ ಯೆಹೂದಿ ವ್ಯಾಪಾರಿಯ ಬಗ್ಗೆ ಆ ಊರಿನವರು ಆಡುವ ತಾತ್ಸಾರದ ಮಾತುಗಳಿವೆ. ತೆಗೆಯಲಿಲ್ಲ. ಪಾತ್ರಗಳ ಪೂರ್ವಗ್ರಹವನ್ನು ನಾನು ತೊಳೆಯಹೋಗುವುದು ನನಗೆ ಸರಿಕಾಣಲಿಲ್ಲ.

ಮೊದಲ ವಾಕ್ಯ ಸುಮಾರು 150 ಪದಗಳದ್ದು: ಕಾಡಿನಲ್ಲಿ ಹಾರಾಡಿಕೊಂಡು ಬರುವ ತೊರೆ ಮಿಸೆಸ್ ಲಿಂಡ್ ಮನೆಯೆದುರು ತೆಪ್ಪಗಾಗುತ್ತದೆ. ಗುಣವಾಚಕ ವಾಕ್ಯಗಳನ್ನೆಲ್ಲ ನಾಮಪದದ ಮುಂದೆ ಪೇರಿಸಿದರೆ ಕನ್ನಡ ಉಸಿರುಗಟ್ಟುತ್ತದೆ. ತೊರೆಯನ್ನೇ ಕರ್ತೃ ಮಾಡಿ ‘ಹುಟ್ಟಿ, ಹಾದು, ಸುತ್ತಿ, ಬಳುಕಿ’ ಎಂದು ಕೃದಂತಗಳಲ್ಲಿ ಹರಿಸಿದರೆ ಅಷ್ಟುದ್ದವೂ ಸಲೀಸು. ಮನೆಯ ಬಾಗಿಲಿಗೆ ಬಂದಾಗ ಪೂರ್ಣವಿರಾಮ. ಅವಳ ಎದುರು ತೊರೆಗೂ ಸೆರಗು ಸರಿಮಾಡಿಕೊಳ್ಳಬೇಕು ಅನ್ನಿಸಿತು ಎಂಬಷ್ಟಕ್ಕೆ ಬೇರೆ ವಾಕ್ಯ ಕೊಟ್ಟೆ.

ದಿನಕ್ಕೆ 600 ಪದಕ್ಕಿಂತ ಹೆಚ್ಚು ಮಾಡಿದ ದಿನಗಳ ಕೆಲಸವನ್ನೆಲ್ಲ ಮತ್ತೆ ತಿದ್ದಬೇಕಾಯಿತು. ಕರಡು ಮುಗಿದ ಮೇಲೆ ಉಪಯೋಗಕ್ಕೆ ಬಂದ ಉಪಾಯವೊಂದಿದೆ: ಒಬ್ಬೊಬ್ಬರ ಮಾತನ್ನಷ್ಟೇ ಕತ್ತರಿಸಿ ಬೇರೆ ಬೇರೆ ಕಡತಕ್ಕೆ ಹಾಕಿ, ಮೊದಲಿಂದ ಕೊನೆಗೆ ಗಟ್ಟಿಯಾಗಿ ಓದುವುದು. ಮರಿಲ್ಲಾಳ ಕಡತದಲ್ಲಿ ಉದ್ದ ವಾಕ್ಯ ಕಂಡರೆ ಅದು ನನ್ನದು, ಅವಳದಲ್ಲ. ಆ್ಯನ್‌ಳ ಕಡತದಲ್ಲಿ ನೋಡಬೇಕಾದದ್ದು ಬೇರೆ. ಮೂವತ್ತೊಂದನೇ ಅಧ್ಯಾಯದಲ್ಲಿ ಮರಿಲ್ಲಾ ಅವಳಿಗೆ, ನೀನೀಗ ಮೊದಲಿನ ಅರ್ಧದಷ್ಟೂ ಹರಟುವುದಿಲ್ಲ, ದೊಡ್ಡ ಪದಗಳನ್ನೂ ಬಿಟ್ಟಿದ್ದೀಯ ಅನ್ನುತ್ತಾಳೆ. ಅನುವಾದಕನ ಕಿವಿ ಕೆಟ್ಟಿದ್ದರೆ ಈ ಮಾತು ಬರೀ ಹೇಳಿಕೆಯಾಗಿ ಉಳಿಯುತ್ತದೆ. ಅದಕ್ಕೇ ಇಪ್ಪತ್ತೆಂಟನೇ ಅಧ್ಯಾಯದಿಂದ ಸಂಸ್ಕೃತದ ಪದಗಳನ್ನು ಒಂದೊಂದಾಗಿ ಕಳಚುತ್ತ ಬಂದೆ, ‘ಶೋಕಸಾಗರ’ವನ್ನು ಅಲ್ಲಿಗೇ ನಿಲ್ಲಿಸಿದೆ. ಮ್ಯಾಥ್ಯೂ ಸತ್ತಾಗ ಅವಳಿಗೆ ಆ ಪದ ಬೇಕಿತ್ತು, ಅವಳ ಹತ್ತಿರ ಇರಬಾರದು. ಅಲ್ಲಿ ಅವಳ ವಾಕ್ಯಗಳೆಲ್ಲ ನಾಲ್ಕೈದು ಪದದೊಳಗೇ ಮುಗಿಯುತ್ತವೆ. ಸಾವು ಕುಡುಗೋಲು ಹಿಡಿದು ಬರುವ ಆ ಅಧ್ಯಾಯದ ಶೀರ್ಷಿಕೆಗೂ ಯಮನನ್ನು ಕರೆಸಲಿಲ್ಲ, ಅವನ ಕೈಯಲ್ಲಿರುವುದು ಪಾಶ.

ಕೊನೆಯ ಪುಟದಲ್ಲಿ ಆ್ಯನ್ ಕಿಟಕಿಯ ಬಳಿ ಕೂತು ಬ್ರೌನಿಂಗ್ ಕವಿಯ ಸಾಲೊಂದನ್ನು ಮೆಲ್ಲಗೆ ಹೇಳಿಕೊಳ್ಳುತ್ತಾಳೆ. ಕೈಗೆ ಮೊದಲು ಸಿಕ್ಕಿದ್ದು ‘ಸರ್ವೇ ಜನಾಃ ಸುಖಿನೋ ಭವಂತು’. ಹನ್ನೊಂದರ ಆ್ಯನ್ ಅದನ್ನೇ ಹೇಳುತ್ತಿದ್ದಳೇನೋ, ಕೈಯೆತ್ತಿ, ಕಣ್ಣು ಮುಚ್ಚಿ. ಇವಳಿಗೆ ಕೊಟ್ಟದ್ದು: “ದೇವರು ಮೇಲಿದ್ದಾನೆ. ಕೆಳಗೆಲ್ಲ ನೆಟ್ಟಗಿದೆ.”