ಜಮೈಕಾದ ಹಳೆಯ ಹ್ಯಾಮ್ ಕಾರ್ಡಿನ ವರ್ಷ ಪತ್ತೆಹಚ್ಚುವುದು

ಜಮೈಕಾದ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿ ರೇಡಿಯೊ, ಚರಿತ್ರೆಗೆ ನಾನು ಹೆಚ್ಚು ನೆಚ್ಚುವುದು ಕ್ಯೂಎಸ್‌ಎಲ್ ಕಾರ್ಡುಗಳನ್ನು, ಅಂದರೆ ರೇಡಿಯೊ ಸಂಪರ್ಕವಾದದ್ದಕ್ಕೆ ಖಾತ್ರಿಯಾಗಿ ಹ್ಯಾಮ್‌ಗಳು ಒಬ್ಬರಿಗೊಬ್ಬರು ಕಳಿಸುವ ಕಾರ್ಡುಗಳನ್ನು. ತೊಡಕೆಂದರೆ, ಎಷ್ಟೋ ಕಾರ್ಡುಗಳಲ್ಲಿ ದಿನ, ತಿಂಗಳು ಇರುತ್ತವೆ, ವರ್ಷ ಇರುವುದಿಲ್ಲ.

ಮೊದಲು ಕಾಲ್‌ಸೈನ್, ಅಂದರೆ ನಿಲಯದ ಗುರುತಿನ ಹೆಸರು, ನೋಡುತ್ತೇನೆ. 1927ರ ಫೆಬ್ರುವರಿಯಿಂದ ಹ್ಯಾಮ್‌ಗಳು ತಮ್ಮಲ್ಲೇ ಒಪ್ಪಿಕೊಂಡು ಕಾಲ್‌ಸೈನ್‌ನ ಮೊದಲಲ್ಲಿ ಎರಡಕ್ಷರದ ಗುರುತು ಬಳಸಿದರು: ಮೊದಲನೆಯದು ಖಂಡಕ್ಕೆ, ಎರಡನೆಯದು ದೇಶಕ್ಕೆ. ಜಮೈಕಾ ಎನ್‌ಜೆ. ಅಲ್ಲಿನ ಹ್ಯಾಮ್ ಜಾನ್ ಗ್ರಿನನ್ ಅವರ ಎನ್‌ಜೆ2ಪಿಝಡ್ ಆ ಕಾಲದ್ದು. ವಾಷಿಂಗ್ಟನ್‌ನ ಅಂತರರಾಷ್ಟ್ರೀಯ ರೇಡಿಯೊ ಸಮ್ಮೇಳನ ಮಾಡಿದ ಗುರುತುಗಳ ಅಧಿಕೃತ ಹಂಚಿಕೆ 1929ರ ಜನವರಿ 1ರಿಂದ ಜಾರಿಯಾಯಿತು. ಆಮೇಲೆ ಅವರದು ವಿಪಿ5ಪಿಝಡ್. ಹಾಗಾಗಿ ಎನ್‌ಜೆ ಕಂಡರೆ 1927–28, ಕೆಲವು ತಿಂಗಳು ಆಚೀಚೆ. ಗ್ರಿನನ್ ಹೆಸರೊಂದನ್ನೇ ನಂಬಿ ಜಮೈಕಾ ಎಂದು ಬರೆದುಕೊಳ್ಳಬೇಡಿ. 1921ರ ಡಿಸೆಂಬರ್‌ನಲ್ಲಿ ಅಮೆರಿಕದ ಕನೆಕ್ಟಿಕಟ್‌ನಿಂದ ಅಟ್ಲಾಂಟಿಕ್ ದಾಟಿ ಸ್ಕಾಟ್ಲೆಂಡಿಗೆ ಸಂದೇಶ ಮುಟ್ಟಿಸಿದ 1ಬಿಸಿಜಿ ನಿಲಯದ ತಂಡದಲ್ಲೂ ಅವರಿದ್ದರು.

ವಿಪಿ5ರಲ್ಲಿ ಎಡವುವವರೇ ಹೆಚ್ಚು. ಭಾರತದ ಕಾಲ್‌ಸೈನ್‌ಗಳ ಮೊದಲಲ್ಲಿ ಬರುವ ವಿಯು ಒಂದೇ ದೇಶದ್ದು, ವಿಪಿ5 ಹಾಗಲ್ಲ. ಜಮೈಕಾ, ಕೇಮನ್ ದ್ವೀಪಗಳು, ‘ಟರ್ಕ್ಸ್ ಮತ್ತು ಕೈಕೋಸ್’ ದ್ವೀಪಗಳು ಮೂರಕ್ಕೂ ಅದೇ ಇತ್ತು. 1962ರ ಸ್ವಾತಂತ್ರ್ಯದ ನಂತರ ಜಮೈಕಾ 6ವೈ5 ಆಯಿತು, ಕೇಮನ್ ಝಡ್‌ಎಫ್1ಕ್ಕೆ ಹೋಯಿತು. ವಿಪಿ5 ಟರ್ಕ್ಸ್‌ಗೆ ಉಳಿಯಿತು. ಕಾರ್ಡಿನಲ್ಲಿ ಜಮೈಕಾದ ಕಿಂಗ್‌ಸ್ಟನ್ ಎಂದೋ ಟರ್ಕ್ಸ್‌ನ ಗ್ರ್ಯಾಂಡ್ ಟರ್ಕ್ ಎಂದೋ ಸ್ಥಳದ ಹೆಸರು ಸಿಗುವವರೆಗೆ ನಾನು ದ್ವೀಪದ ಹೆಸರು ಬರೆಯುವುದಿಲ್ಲ.

ಮುಂದಿನದು ಸಿಗ್ನಲ್ ವರದಿ. ಕೇಳಿದ ಸಂಕೇತದ ಸ್ಪಷ್ಟತೆ, ಬಲ, ನಾದಕ್ಕೆ ಒಂದೊಂದು ಅಂಕಿ ಕೊಡುವ ಆರ್‌ಎಸ್‌ಟಿ ಪದ್ಧತಿ ಬಂದದ್ದು 1934ರಲ್ಲಿ. ಆ ಮೂರಂಕಿಯ ವರದಿ ಇದ್ದರೆ ಕಾರ್ಡು ಅದಕ್ಕಿಂತ ಹಳೆಯದಲ್ಲ. ತಿರುವುಮುರುವಾಗಿ ಈ ತರ್ಕ ನಡೆಯದು: ಹಳೆಯ ಪದ್ಧತಿಯಂತೆ ಬರೀ ಆರ್7, ಆರ್8 ಎಂದಿದ್ದರೆ 1934ಕ್ಕೆ ಮುಂಚಿನದೇ ಎನ್ನಲಾಗದು. ಅಚ್ಚು ಹಾಕಿಸಿದ ಕಾರ್ಡು ಮುಗಿಯುವತನಕ ಹಳೆಯ ನಮೂನೆಯಲ್ಲೇ ತುಂಬುತ್ತಿದ್ದರು. ಅಚ್ಚಿನ ಕಾಲ, ಕೈಬರಹದ ಕಾಲ ಎರಡನ್ನೂ ಬೇರೆ ಬೇರೆ ಬರೆದಿಟ್ಟುಕೊಳ್ಳುತ್ತೇನೆ. ಮಾಸಿದ ಪೆನ್ಸಿಲ್ ಬರಹಕ್ಕೆ ಕೋಣೆ ಕತ್ತಲೆ ಮಾಡಿ, ಟಾರ್ಚನ್ನು ಮೇಜಿಗೆ ಒರಗಿಸಿ ಅಡ್ಡಬೆಳಕು ಬಿಟ್ಟರೆ ಒತ್ತಿದ ಗೆರೆ ಎದ್ದು ಕಾಣುತ್ತದೆ. ಆಮೇಲೆ ಎರಡೂ ಮಗ್ಗುಲನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಡುತ್ತೇನೆ. ಲ್ಯಾಮಿನೇಶನ್ ಮಾತ್ರ ಖಂಡಿತ ಬೇಡ, ಶಾಖಕ್ಕೆ ಶಾಯಿ ಕೆಡುತ್ತದೆ, ಅಂಟಿದ ಹಾಳೆ ಮತ್ತೆ ಬಿಡುವುದಿಲ್ಲ.

ಒಂದೇ ಸಂಪರ್ಕದ ಎರಡು ಕಾರ್ಡುಗಳಲ್ಲಿ ಒಂದು ದಿನದ ವ್ಯತ್ಯಾಸ ಕಂಡರೆ ಯಾವುದನ್ನೂ ತಪ್ಪೆನ್ನಬೇಡಿ. ಜಮೈಕಾ ಗ್ರೀನಿಚ್‌ಗಿಂತ 5 ಗಂಟೆ ಹಿಂದೆ. ಅಲ್ಲಿ ರಾತ್ರಿ 8 ಎಂದರೆ ಗ್ರೀನಿಚ್‌ನಲ್ಲಿ ಮರುದಿನದ 1 ಗಂಟೆ. ಒಬ್ಬರು ಸ್ಥಳೀಯ ಸಮಯ, ಇನ್ನೊಬ್ಬರು ಗ್ರೀನಿಚ್ ಸಮಯ ಬರೆದಿರುತ್ತಾರೆ.

1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾಗಿ ಬ್ರಿಟಿಷ್ ಆಳ್ವಿಕೆಯಲ್ಲಿದ್ದ ಕಡೆ ಹ್ಯಾಮ್ ಪ್ರಸಾರ ನಿಂತಿತು. ಯುದ್ಧಕಾಲದ ತಾರೀಖಿನ ವಿಪಿ5 ಕಾರ್ಡು ಸಿಕ್ಕರೆ ವರ್ಷವನ್ನು ಭೂತಗನ್ನಡಿಯಲ್ಲಿ ಮತ್ತೆ ಓದುತ್ತೇನೆ. 1946ರ 6 ಎಷ್ಟೋ ಸಲ 0 ಆಗಿ ಕಾಣುತ್ತದೆ. ಗ್ರಿನನ್ ತಮ್ಮ ಉಪಕರಣಗಳನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರು. ಅವುಗಳಿಂದಲೇ 1939ರ ನವೆಂಬರ್ 17ರಂದು ದ್ವೀಪದ ಮೊದಲ ಬಾನುಲಿ ಝಡ್‌ಕ್ಯೂಐ ಆರಂಭವಾಯಿತು. ಝಡ್‌ಕ್ಯೂಐ ಹೆಸರಿನ ಕಾರ್ಡು ಕೇಳುಗರ ಪತ್ರಕ್ಕೆ ಬಂದ ಉತ್ತರ, ಹ್ಯಾಮ್ ಸಂಪರ್ಕವಲ್ಲ. ಅದನ್ನು ಬೇರೆ ಕಟ್ಟಿನಲ್ಲಿಡುತ್ತೇನೆ, ವಿಪಿ5ಪಿಝಡ್ ಕಟ್ಟಿನ ಪಕ್ಕದಲ್ಲೇ.